ಹಳೆಯ ಮುನ್ಸಿಪಾಲಿಟಿ ಆಫೀಸನ್ನು ಬಿಚ್ಚಿ, ಇನ್ನೊಂದು ಜಾಗದಲ್ಲಿ ಕಟ್ಟಿದ ಬಗೆ

ಕಟ್ಟಡದ ಮಾಡು (ಚಾವಣಿ) ಸ್ಥಳಾಂತರವಾಗುತ್ತದೆ, ಚಿರೆಕಲ್ಲಿನ (ಲ್ಯಾಟರೈಟ್, ಜಂಬಿಟ್ಟಿಗೆ) ಗೋಡೆ ಪೂರ್ತಿಯಾಗಿ ಆಗುವುದಿಲ್ಲ. ಈ ಕೆಲಸಕ್ಕೆ ಇಳಿಯುವ ಯಾರಾದರೂ ಮೊದಲ ದಿನವೇ ಇದನ್ನು ಒಪ್ಪಿಕೊಂಡರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ. ಮರ, ಹಂಚು, ಕಬ್ಬಿಣ, ಬಾಗಿಲು, ಕಮಾನಿನ ಕಲ್ಲು, ನೆಲದ ಬಿಲ್ಲೆ ಇವೆಲ್ಲ ಜೋಪಾನ ಮಾಡಿದರೆ ಬರುತ್ತವೆ. ಗೋಡೆಯ ನಡುಭಾಗದ ಕಲ್ಲುಗಳಲ್ಲಿ ನೂರಕ್ಕೆ ಅರವತ್ತು ಬಂದರೆ ಕೆಲಸ ಚೆನ್ನಾಗಿ ಆಗಿದೆ ಎಂದು ತಿಳಿಯಬೇಕು.

ಉತ್ತರ ಕನ್ನಡದ ಕರಾವಳಿಯ ಒಂದು ಪೇಟೆ. ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುವಾಗ ರಸ್ತೆಯಂಚಿನ ಹಳೆಯ ಪುರಸಭೆ ಕಚೇರಿ ಗುರುತು ಹಾಕಿದ ಗೆರೆಯ ಒಳಗೆ ಬಿತ್ತು. ಅದನ್ನು 1.4 ಕಿ.ಮೀ. ಒಳಗೆ, ಪುರಸಭೆಯದೇ ಆದ ಸಂತೆ ಮೈದಾನದ ಬದಿಗೆ ಒಯ್ದು ಕಟ್ಟಿದೆವು. ಈಗ ಅದು ವಾಚನಾಲಯ ಮತ್ತು ಸಾರ್ವಜನಿಕ ಸಭಾಮನೆ. ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲಿನ ಕಾಲದ ಕಟ್ಟಡವಾದ್ದರಿಂದ ಊರಿನ ಹಿರಿಯರ ಬಾಯಲ್ಲಿ ಇಂದಿಗೂ ಅದು ‘ಮುನ್ಸಿಪಾಲಿಟಿ ಆಫೀಸು’.

ಅಳತೆ ಹೀಗಿತ್ತು: 60 ಅಡಿ ಉದ್ದ, 28 ಅಡಿ ಅಗಲದ ಒಂದೇ ಹಜಾರ, ಪಶ್ಚಿಮಕ್ಕೆ, ರಸ್ತೆಯ ಕಡೆ, 8 ಅಡಿಯ ಜಗಲಿ, 18 ಇಂಚು ದಪ್ಪ, 13 ಅಡಿ ಎತ್ತರದ ಚಿರೆಕಲ್ಲಿನ ಗೋಡೆ, ಹತ್ತಡಿಗೊಂದರಂತೆ ಸಾಗವಾನಿಯ ಐದು ಟ್ರಸ್ (ಮಾಡು ಹೊರುವ ತ್ರಿಕೋನದ ಮರದ ಚೌಕಟ್ಟು), ಅದರ ಮೇಲೆ ಮಂಗಳೂರು ಹಂಚು. ಜಗಲಿಯ ಕಡೆಗೆ ತೆರೆಯುವ ಎರಡು ಕಿಂಡಿಗಳಿದ್ದವು. ಮನೆಪಟ್ಟಿ ಕಟ್ಟಲು ಬಂದವರು ಒಳಗೆ ಕಾಲಿಡದೆ ನಿಂತು ಹಣ ಕೊಡುತ್ತಿದ್ದ ಕಿಂಡಿಗಳು ಅವು. ಕೈ ತಾಗಿ ತಾಗಿ ಅವುಗಳ ಮರದ ಹಲಗೆ ನಡುವೆ ತಗ್ಗಾಗಿತ್ತು. ಆ ಹಲಗೆಗಳಿಗೆ ಪಾಲಿಶ್ ಹೊಡೆಯಬಾರದು, ತಗ್ಗನ್ನು ತುಂಬಬಾರದು ಎಂದು ಕೆಲಸದ ಪಟ್ಟಿಯಲ್ಲೇ ಬರೆಸಿದ್ದೆವು.

ಇಡೀ ಕಟ್ಟಡವನ್ನು ಜಾಕ್ ಕೊಟ್ಟು ಎತ್ತಿ ಸರಿಸಬಾರದೇಕೆ ಎಂದು ಎಲ್ಲರೂ ಕೇಳುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ರೈಲು ಹಳಿಯ ದಾರಿಗೆ ಅಡ್ಡವಿದ್ದ ಟಿಪ್ಪುವಿನ ಮದ್ದಿನಮನೆಯನ್ನು 2017ರಲ್ಲಿ ಹಾಗೆಯೇ ಸುಮಾರು 130 ಮೀಟರ್ ಸರಿಸಿದ್ದು ಎಲ್ಲರ ನೆನಪಿನಲ್ಲಿತ್ತು. ಆದರೆ ಅದು ದಪ್ಪ ಗೋಡೆಯ, ಗಿಡ್ಡ, ಒತ್ತಾದ ಇಟ್ಟಿಗೆ ಕಟ್ಟಡ, ದೂರವೂ ಸ್ವಲ್ಪವೇ. ನಮ್ಮದು ಉದ್ದನೆಯ, ಟೊಳ್ಳಾದ, ಮೂಲೆಗಳಲ್ಲಿ ಆಗಲೇ ಬಿರುಕು ಬಿಟ್ಟ ಪೆಟ್ಟಿಗೆ. ದಾರಿಯಲ್ಲಿ ಒಂದು ಮೋರಿ, ಎರಡು ತಿರುವು, ಉದ್ದಕ್ಕೂ ವಿದ್ಯುತ್ ತಂತಿ. ಕಲ್ಲುಗಳಿಗೆ ಸಂಖ್ಯೆ ಬರೆದು ಬಿಚ್ಚುವ ಕ್ರಮ ಇನ್ನೊಂದು. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿದ್ದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಹೊಸ ಕನ್ನಂಬಾಡಿಗೆ ತಂದದ್ದು ಹಾಗೆ. ಅಲ್ಲಿ ಪ್ರತಿ ಕಲ್ಲೂ ಗಟ್ಟಿ ಕಲ್ಲು, ಒಂದೊಂದಕ್ಕೂ ಅದರದೇ ಕೆತ್ತನೆ, ಅದರದೇ ಜಾಗ. ಚಿರೆಕಲ್ಲು ಜೇನುಹುಟ್ಟಿನಂತೆ ತೂತುತೂತು. ಗಾರೆ ತೂತಿನೊಳಗೆ ಹೊಕ್ಕು ಹಿಡಿದಿರುತ್ತದೆ, ಎಳೆದರೆ ಕಲ್ಲೇ ಹರಿಯುತ್ತದೆ. ಹಾಗಾಗಿ ಮಾಡಿಗೆ ಒಂದು ಕ್ರಮ, ಗೋಡೆಗೆ ಒಂದು ಕ್ರಮ ಎಂದು ಮೊದಲೇ ಬೇರೆ ಮಾಡಿಕೊಂಡೆವು.

ಕಾಗದದ ಕೆಲಸದಲ್ಲಿ ಎರಡು ಮಾತು ಮುಖ್ಯ. ಸಾಮಾನ್ಯ ಸಭೆಯ ನಿರ್ಣಯದಲ್ಲಿ ‘ತೆರವು’ ಎಂಬ ಒಂದೇ ಪದವಿದ್ದರೆ ಸಾಕು, ಕಟ್ಟಡ ಹಳೆ ಸಾಮಾನಾಗಿ ಹರಾಜಿಗೆ ಹೋಗುತ್ತದೆ. ಮೊದಲು ಮಾರಾಟವಾಗುವುದು ಸಾಗವಾನಿ. ‘ಭಾಗಭಾಗವಾಗಿ ಬಿಚ್ಚಿ, ಅದೇ ಸಾಮಗ್ರಿಯಿಂದ ಪುರಸಭೆಯ ಜಾಗದಲ್ಲಿ ಮರುನಿರ್ಮಾಣ’ ಎಂದು ಪೂರ್ತಿ ವಾಕ್ಯ ಬರೆಸಬೇಕು. ಮರದ ಪಟ್ಟಿಯನ್ನು ತುಂಡಿಗೊಂದರಂತೆ ಉದ್ದ, ಅಗಲ, ದಪ್ಪ ಸಹಿತ ಸಾಗಣೆಗೆ ಮುಂಚೆಯೇ ಅರಣ್ಯ ಇಲಾಖೆಗೂ ಕೊಡಬೇಕು. ಎರಡನೆಯದು ದರ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಕೆಡವುವುದಕ್ಕೆ ಘನ ಮೀಟರಿಗೆ ಇಷ್ಟು ಎಂದಿರುತ್ತದೆ. ಘನ ಮೀಟರ್ ಲೆಕ್ಕದಲ್ಲಿ ಹಣ ಕೊಟ್ಟರೆ ಬೇಗ ಒಡೆದವನಿಗೆ ಲಾಭ, ಜೋಪಾನ ಮಾಡಿದವನಿಗೆ ನಷ್ಟ. ನಾವು ಬಿಚ್ಚುವ ಕೆಲಸವನ್ನು ದಿನಗೂಲಿ ಮತ್ತು ‘ಇಡಿಯಾಗಿ ಇಳಿದ ತುಂಡಿಗೆ ಇಷ್ಟು’ ಎಂಬ ಲೆಕ್ಕಕ್ಕೆ ತಂದು, ಅದಕ್ಕೆ ಪ್ರತ್ಯೇಕ ದರ ವಿಶ್ಲೇಷಣೆ ಮಾಡಿಸಿ ಟೆಂಡರ್ ಕರೆಸಿದೆವು. ಸರ್ಕಾರಿ ಟೆಂಡರುಗಳಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆಯ ಒಳಗೇ ಇದು ಸಾಧ್ಯ. ದರ ವಿಶ್ಲೇಷಣೆ ಮಾತ್ರ ಗಟ್ಟಿಯಾಗಿರಬೇಕು. ಇಡೀ ಯೋಜನೆಯಲ್ಲಿ ಇದಕ್ಕಿಂತ ಹೆಚ್ಚು ಕಲ್ಲುಗಳನ್ನು ಉಳಿಸಿದ ತೀರ್ಮಾನ ಇನ್ನೊಂದಿಲ್ಲ.

ಅಳತೆ ತೆಗೆಯುವುದಕ್ಕೆ ಎರಡು ತಿಂಗಳು ಬೇಕಾಯಿತು. ಗೋಡೆಗಳು 1:50ರಲ್ಲಿ, ಬಾಗಿಲು ಕಿಟಕಿ 1:10ರಲ್ಲಿ, ಮರದ ಕೂಡುಗಳು ಮಾತ್ರ ನಿಜ ಅಳತೆಯಲ್ಲಿ. ಪ್ರತಿ ಗೋಡೆಗೂ ಮೂರಡಿಗೊಂದು ದಾರ ಕಟ್ಟಿ ಚೌಕ ಮಾಡಿ, ಚೌಕಕ್ಕೊಂದು ಫೋಟೊ. ಗೋಡೆ ವಾಲಿದ್ದರೆ ಎಷ್ಟು ವಾಲಿದೆ ಎಂದು ತೂಗುಗುಂಡು ಬಿಟ್ಟು ಬರೆದುಕೊಳ್ಳಬೇಕು. ದಕ್ಷಿಣದ ಕೋಡುಗೋಡೆ (ಮಾಡಿನ ಕೊನೆಗೆ ತ್ರಿಕೋನವಾಗಿ ಏರುವ ಗೋಡೆ) ನೆತ್ತಿಯಲ್ಲಿ ಎರಡು ಇಂಚು ಹೊರಗೆ ವಾಲಿತ್ತು. ಮರುನಿರ್ಮಾಣದಲ್ಲಿ ಅದನ್ನು ನೆಟ್ಟಗೆ ಕಟ್ಟಿದಾಗ ಆ ಬದಿಯ, ಟ್ರಸ್ಸುಗಳ ಮೇಲೆ ಉದ್ದಕ್ಕೆ ಕೂರುವ ಪರ್ಲಿನ್‌ಗಳು ಎರಡು ಇಂಚು ಉದ್ದವಾದವು. ಅಳತೆ ಬರೆದಿಟ್ಟಿರದಿದ್ದರೆ ಯಾರಾದರೂ ತಪ್ಪು ತುಂಡೆಂದು ತಿಳಿದು ಕತ್ತರಿಸಿಬಿಡುತ್ತಿದ್ದರು.

ಸಂಖ್ಯೆ ಹಾಕುವ ರೀತಿಯಲ್ಲಿ ಜನ ಎಡವುವುದು ‘ಎಡ’, ‘ಬಲ’, ‘ಮುಂದೆ’, ‘ಹಿಂದೆ’ ಎಂಬ ಪದಗಳಲ್ಲಿ. ತುಂಡು ನೆಲಕ್ಕೆ ಬಂದ ಮೇಲೆ ಎಡ ಯಾವುದು? ದಿಕ್ಕನ್ನೇ ಬರೆಯಬೇಕು, ಮೇಲ್ಮುಖಕ್ಕೆ ಬಾಣ ಕೊರೆಯಬೇಕು. ‘ಟ3-ಓ-ಪೂ’ ಎಂದರೆ ಮೂರನೇ ಟ್ರಸ್, ಓರೆತೊಲೆ, ಪೂರ್ವದ್ದು. ಬಳಪ ಒಂದು ಇಬ್ಬನಿಗೆ ಹೋಗುತ್ತದೆ. ಎಣ್ಣೆಬಣ್ಣ ಮರದೊಳಗೆ ಇಳಿದು ಮುಂದೆ ಕಾಣಿಸುತ್ತದೆ. ಅಲ್ಯೂಮಿನಿಯಂ ಪಟ್ಟಿಗೆ ಅಂಕಿ ಒತ್ತಿ, ಎರಡು ಹಿತ್ತಾಳೆ ಮೊಳೆಯಿಂದ, ಕೂಡಿಸಿದ ಮೇಲೆ ಮರೆಯಾಗುವ ಮುಖಕ್ಕೆ ಹೊಡೆದೆವು. ಕಬ್ಬಿಣದ ಮೊಳೆ ಬೇಡ: ಒದ್ದೆಯಾದರೆ ಮರದ ಒಗರು ತಾಗಿ ಸುತ್ತ ಕಪ್ಪು ಕಲೆ ನಿಲ್ಲುತ್ತದೆ. ಕೆಲವು ತೊಲೆಗಳಲ್ಲಿ ಮೊದಲು ಕಟ್ಟಿದ ಆಚಾರಿಗಳು ಉಳಿಯಿಂದ ಹೊಡೆದ ಗೀಟುಗಳೇ ಸಿಕ್ಕವು, ಒಂದರಿಂದ ಐದರವರೆಗೆ. ನಮ್ಮ ಟ್ರಸ್ ಸಂಖ್ಯೆಯನ್ನು ಅವರ ಎಣಿಕೆಗೆ ಹೊಂದಿಸಿಕೊಂಡೆವು.

ಮಾಡು ಇಳಿಸುವ ಮೊದಲು ಆಮೇಲೆ ಸೇರಿಸಿದ್ದನ್ನೆಲ್ಲ ತೆಗೆಯಬೇಕಿತ್ತು. ಹಿಂಬದಿಗೆ ಆನಿಸಿದ ಆಸ್ಬೆಸ್ಟಾಸ್ ಶೆಡ್ಡು, ಕಾಂಕ್ರೀಟಿನ ಶೌಚಾಲಯ, ಪ್ಲೈವುಡ್ ಮುಚ್ಚಿಗೆ, ಗೋಡೆಯ ಒಳಹೊರಗೂ ಸಿಮೆಂಟ್ ಸಾರಣೆ. ಆಸ್ಬೆಸ್ಟಾಸ್ ಒಡೆಯಬಾರದು. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಹಾಳೆ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಬೇಕು.

ಸಿಮೆಂಟ್ ಸಾರಣೆಯೇ ನಮ್ಮ ದೊಡ್ಡ ವೈರಿ. ಸುಣ್ಣದ ಸಾರಣೆ ಉಳಿ ಇಟ್ಟು ಮೀಟಿದರೆ ಹಾಳೆಯಾಗಿ ಬರುತ್ತದೆ. ಸಿಮೆಂಟು ಚಿರೆಕಲ್ಲಿಗಿಂತ ಗಟ್ಟಿ, ಕಲ್ಲಿನ ತೂತಿಗೆ ಬೇರಿನಂತೆ ಇಳಿದಿರುತ್ತದೆ; ಬರುವಾಗ ಕಲ್ಲಿನ ಮುಖವನ್ನೂ ಕಿತ್ತುಕೊಂಡೇ ಬರುತ್ತದೆ. ಅದರ ಹಿಂದೆ ಗೋಡೆ ಒದ್ದೆ. ನೆಲದಿಂದ ಏರಿದ ತೇವ ಹೊರಗೆ ಹೋಗಲಾಗದೆ ಮೂರಡಿ ಎತ್ತರಕ್ಕೆ ಕಲ್ಲನ್ನು ಹಿಟ್ಟು ಮಾಡಿತ್ತು. ಮೊದಲ ದಿನ ಬ್ರೇಕರ್ ಯಂತ್ರ ಹಚ್ಚಿ ನೋಡಿದೆವು, ಅರ್ಧ ಗಂಟೆಯಲ್ಲಿ ನಿಲ್ಲಿಸಿದೆವು. ಆಮೇಲೆ ಹಿಡಿದ ದಾರಿ ಇದು: ಗ್ರೈಂಡರಿನಿಂದ ಸಾರಣೆಯ ದಪ್ಪಕ್ಕೆ ಮಾತ್ರ ಒಂದಡಿಯ ಚೌಕಗಳನ್ನು ಕೊಯ್ದು, ತೆಳು ಉಳಿಯನ್ನು ಗೋಡೆಗೆ ಬಹುತೇಕ ಸಮಾಂತರವಾಗಿ ಹಿಡಿದು, ಕೊಡತಿಯಿಂದ ಸಣ್ಣ ಪೆಟ್ಟು. ಒಬ್ಬ ಆಳಿಗೆ ದಿನಕ್ಕೆ 25 ಚದರಡಿ ಆದರೆ ಹೆಚ್ಚು. ಅಷ್ಟಾದರೂ ಹಿಂಗೋಡೆಯ ಹೊರಮುಖ ಬಹುಪಾಲು ಹೋಯಿತು.

ಮಳೆ ಪೂರ್ತಿ ನಿಂತ ಮೇಲೆ, ನವೆಂಬರಿನಲ್ಲಿ ಹಂಚು ಇಳಿಸಲು ಶುರುಮಾಡಿದೆವು. ನೆತ್ತಿಹಂಚು ಮೊದಲು. ಬಳಿಕ ಎರಡೂ ಇಳಿಜಾರುಗಳಲ್ಲಿ ಸಾಲಿಗೆ ಸಾಲು ಸಮವಾಗಿ. ಒಂದು ಬದಿಯನ್ನು ಪೂರ್ತಿ ಬರಿದು ಮಾಡಿದರೆ ಟ್ರಸ್ಸಿನ ಮೇಲೆ ಒಂದೇ ಕಡೆ ಭಾರ ಬಿದ್ದು, ಆಗಲೇ ಕುಂಬಾದ (ಕೊಳೆತ) ಕೂಡು ಜಾರುತ್ತದೆ. ಒಟ್ಟು ಸುಮಾರು 4,200 ಹಂಚು. ಕೈಯಿಂದ ಕೈಗೆ ಇಳಿಸಿ, ಮರಳ ಹಾಸಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ ಜೋಡಿಸಬೇಕು; ಮಲಗಿಸಿ ಪೇರಿಸಿದರೆ ಅಡಿಯವು ಬಿರಿಯುತ್ತವೆ. 3,500 ಇಡಿಯಾಗಿ ಇಳಿದವು.

ಹಂಚಿನ ಮುದ್ರೆಯ ಬಗ್ಗೆ ಒಂದು ಎಚ್ಚರ. ಕೆಲವು ಹಂಚುಗಳ ಬೆನ್ನಿಗೆ ಬಾಸೆಲ್ ಮಿಶನ್ ಮುದ್ರೆ, ಜತೆಗೆ 1865 ಎಂಬ ಅಂಕಿ. ಕಟ್ಟಡ 1865ರದ್ದು ಎಂದು ಊರಲ್ಲಿ ಸುದ್ದಿಯಾಯಿತು. 1865 ಮಂಗಳೂರಿನಲ್ಲಿ ಆ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಹಂಚು ಸುಟ್ಟ ವರ್ಷ ಅಲ್ಲ. ಮೊದಲ ಮಹಾಯುದ್ಧದ ಬಳಿಕ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಾಗಾಗಿ ಮಿಶನ್ ಮುದ್ರೆಯ ಹಂಚು ಅದಕ್ಕಿಂತ ಹಳೆಯದು ಎಂದಷ್ಟೇ ಹೇಳಬಹುದು. ಅದೂ ಹಂಚಿನ ವಯಸ್ಸು. ಹಂಚು ಎಷ್ಟೋ ಸಲ ಬೇರೆ ಮನೆಯಿಂದ ಬಂದಿರುತ್ತದೆ. ಕಟ್ಟಡದ ವಯಸ್ಸನ್ನು ಫಲಕದಲ್ಲಿ ಬರೆಸುವವರು ಪುರಸಭೆಯ ಹಳೆಯ ನಡಾವಳಿ ಪುಸ್ತಕ ನೋಡಿ ಬರೆಯಬೇಕು.

ಇನ್ನೊಂದು ಕಷ್ಟ ಅಚ್ಚಿನದು. ಹಿಂದಿನ ಇಳಿಜಾರಿನಲ್ಲಿ ಬೇರೊಂದು ಕಾರ್ಖಾನೆಯ ಹಂಚಿದ್ದವು. ಕಣ್ಣಿಗೆ ಎರಡೂ ಒಂದೇ; ಆದರೆ ಒಂದಕ್ಕೆ ರೀಪಿನಿಂದ (ಹಂಚು ಕೂರುವ ಮರದ ಪಟ್ಟಿ) ರೀಪಿಗೆ ಹನ್ನೆರಡೂವರೆ ಇಂಚು ಬೇಕು, ಇನ್ನೊಂದಕ್ಕೆ ಹನ್ನೆರಡೂ ಮುಕ್ಕಾಲು. ಮುಂದಿನ ಇಳಿಜಾರಿನ 26 ಸಾಲಿಗೆ ಈ ಕಾಲು ಇಂಚು ಸೇರಿ ಆರೂವರೆ ಇಂಚಾಗುತ್ತದೆ. ಬೆರೆಸಿ ಹಾಕಿದರೆ ತೋಡು ಕೂರುವುದಿಲ್ಲ, ಗಾಳಿಮಳೆ ಒಳಗೆ ಬರುತ್ತದೆ. ಅಚ್ಚು ನೋಡಿ ಬೇರೆ ಮಾಡಿ, ಒಂದು ಇಳಿಜಾರಿಗೆ ಒಂದೇ ಅಚ್ಚು ಎಂದು ನಿಯಮ ಮಾಡಿದೆವು. ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ನುಡಿಯದ್ದು ಪಕ್ಕಕ್ಕೆ. ಅನುಮಾನ ಬಂದದ್ದನ್ನು ಒಣಗಿಸಿ ತೂಗಿ, 24 ಗಂಟೆ ನೀರಲ್ಲಿಟ್ಟು ಮತ್ತೆ ತೂಗಿ, ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಕುಡಿದಿದ್ದರೆ ಅದೂ ಪಕ್ಕಕ್ಕೆ. ಹೀಗೆ 400 ಹೋದವು. ಕಡಿಮೆ ಬಿದ್ದ 1,100 ಹಂಚು ಅದೇ ರಸ್ತೆಯಲ್ಲಿ ಬಿದ್ದ ಮನೆಗಳಿಂದ, ಅದೇ ಅಚ್ಚು ನೋಡಿ ಆರಿಸಿ ತಂದದ್ದು. ಆ ಮನೆಗಳ ಒಂದು ಪಾಲು ಊರಿನ ಕಟ್ಟಡದ ಮೇಲೆ ಉಳಿಯಿತು ಎಂಬುದು ನಮಗೆ ಸಮಾಧಾನ.

ಟ್ರಸ್ ಒಂದೊಂದೂ ಸುಮಾರು 450 ಕೆ.ಜಿ. ನಿಂತಿರುವಾಗ ಅದಕ್ಕೆ ಎಷ್ಟು ಬಲವೋ, ಅಡ್ಡಕ್ಕೆ ಬಾಗಿದರೆ ಅಷ್ಟೇ ದುರ್ಬಲ. ಎರಡೂ ಮಗ್ಗುಲಿಗೆ ದಪ್ಪ ಬಿದಿರು ಕಟ್ಟಿ, ನಡುಗಂಬದ ಬುಡದಲ್ಲಿ ಅಲ್ಲ, ಓರೆತೊಲೆಗಳ ಮೇಲ್ಭಾಗದಲ್ಲಿ ಎರಡು ಕಡೆ ಅಗಲದ ಬೆಲ್ಟ್ ಹಾಕಿ, ಹೈಡ್ರಾ ಕ್ರೇನಿನಿಂದ ಇಳಿಸಿದೆವು. ಬಿಚ್ಚಿದ್ದು ನೆಲದ ಮೇಲೆ. ಕಬ್ಬಿಣದ ಪಟ್ಟಿಗಳ ಚೌಕ ನಟ್ಟುಗಳು ತುಕ್ಕು ಹಿಡಿದಿದ್ದವು. ಬೆಂಕಿ ತೋರಿಸಿದರೆ ಮರ ಸುಡುತ್ತದೆ, ಜೋರು ಮಾಡಿದರೆ ಬೋಲ್ಟ್ ತುಂಡಾಗುತ್ತದೆ. ದಿನಕ್ಕೆರಡು ಸಲ ಸೀಮೆಎಣ್ಣೆ ಕುಡಿಸುತ್ತ ಮೂರು ದಿನ ಕಾದರೆ ಹೆಚ್ಚಿನವು ತಿರುಗಿದವು.

ಕುಂಬು ಎಲ್ಲಿರುತ್ತದೆ ಎಂಬುದು ಬಡಗಿಗೆ ನೋಡುವ ಮೊದಲೇ ಗೊತ್ತಿತ್ತು. ಅಡ್ಡತೊಲೆಯ ತುದಿ ಗೋಡೆಯೊಳಗೆ ಕೂರುವ ಜಾಗದಲ್ಲಿ. ಹತ್ತು ತುದಿಗಳಲ್ಲಿ ಆರು ಹೋಗಿದ್ದವು. ಆರರಲ್ಲಿ ಐದು ಪೂರ್ವದವು. ಕಾರಣ ಅಲ್ಲಿಯ ಶೆಡ್ಡು. ಅದರ ಮಾಡು ಗೋಡೆಗೆ ಸೇರುವ ಗೆರೆಯಲ್ಲಿ ನೀರು ಇಳಿಯುತ್ತಿತ್ತು, ತೊಲೆಯ ಸುತ್ತ ಸಿಮೆಂಟ್ ಮೆತ್ತಿದ್ದರಿಂದ ಆ ನೀರು ಆರುತ್ತಿರಲಿಲ್ಲ. ಹೊರಗಿನಿಂದ ಮರ ಗಟ್ಟಿಯಾಗೇ ಕಾಣುತ್ತದೆ. ಸುತ್ತಿಗೆಯ ಸದ್ದು ಟೊಳ್ಳಾಗಿ ಕೇಳಿದ ಕಡೆ 3 ಮಿ.ಮೀ. ಬೈರಿಗೆ ಹಾಕಿ ಪುಡಿ ನೋಡಬೇಕು: ಹೊಂಬಣ್ಣದ ಗರಿಗರಿ ಸುರುಳಿ ಬಂದರೆ ಸರಿ, ಕಂದು ಹಿಟ್ಟು ಬಂದರೆ ಹೋಗಿದೆ.

ಕೆಟ್ಟ ತುದಿಯನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ತೊಲೆಯ ಎತ್ತರದ ಮೂರು ಪಟ್ಟು, ಅಂದರೆ 27 ಇಂಚಿನ ಓರೆಕೂಡು ಮಾಡಿ, ನಾಲ್ಕು 12 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟಿನಿಂದ ಬಿಗಿದೆವು. ಜೋಡಿಸುವ ತುಂಡು ಹೊಸ ಸಾಗವಾನಿಯದಾದರೆ ಒಣಗುತ್ತ ಕುಗ್ಗಿ ಕೂಡು ಸಡಿಲವಾಗುತ್ತದೆ. ಬೇಡವಾದ ಹಳೆಯ ಪರ್ಲಿನ್‌ಗಳನ್ನೇ ಕೊಯ್ದು ಬಳಸಿದೆವು. ಹೊಸ ಭಾಗಕ್ಕೆ ಬಣ್ಣ ಹಚ್ಚಿ ಹಳತರಂತೆ ಮಾಡಲಿಲ್ಲ. ಎಲ್ಲಿ ಕೂಡಿಸಿದೆ ಎಂದು ಮುಂದೆ ರಿಪೇರಿ ಮಾಡುವವರಿಗೆ ಕಾಣಬೇಕು. ಒರಲೆ ಮತ್ತು ಕುಟ್ಟೆಹುಳುವಿಗೆ ಬೋರಾಕ್ಸ್ ಒಂದೂವರೆ ಪಾಲು, ಬೋರಿಕ್ ಆಮ್ಲ ಒಂದು ಪಾಲು, ಬಿಸಿನೀರಲ್ಲಿ ಕರಗಿಸಿ ಮೂರು ಸಲ ಬಳಿದೆವು. ಇದು ನೀರಿಗೆ ತೊಳೆದುಹೋಗುತ್ತದೆ. ಮಾಡಿನ ಕೆಳಗಿರುವ ಮರಕ್ಕೆ ಮಾತ್ರ ಸರಿ, ಜಗಲಿಯ ಹೊರಗಂಬಗಳಿಗೆ ಪ್ರಯೋಜನವಿಲ್ಲ.

ಇನ್ನು ಗೋಡೆ. ಕಲ್ಲು ಸುಮಾರು 18×9×7 ಇಂಚು, ತೂಕ 35ರಿಂದ 40 ಕೆ.ಜಿ., ಒಟ್ಟು 4,500ರ ಆಸುಪಾಸು. ಎಲ್ಲಕ್ಕೂ ಸಂಖ್ಯೆ ಹಾಕುವುದು ವ್ಯರ್ಥ. ಮೂಲೆಗಲ್ಲು, ಬಾಗಿಲು ಕಿಟಕಿಗಳ ಮಗ್ಗುಲ ಕಲ್ಲು, ಕಮಾನಿನ ಕಲ್ಲು, ಪೀಠದ ಪಟ್ಟಿಯ ಕಲ್ಲು ಇವಕ್ಕೆ ಒಂದೊಂದಕ್ಕೂ ಸಂಖ್ಯೆ. ಉಳಿದವಕ್ಕೆ ಗೋಡೆ ಮತ್ತು ವರಸೆಯ (ಕಲ್ಲಿನ ಸಾಲು) ಗುರುತು ಸಾಕು. ಕಮಾನಿನ ಕೆಳಗೆ ಪ್ಲೈವುಡ್ಡಿನ ಅಚ್ಚು ಕೊಟ್ಟು ಬಿಗಿ ಮಾಡಿದ ಮೇಲೆಯೇ ಅದರ ಮೇಲಿನ ಮೊದಲ ಕಲ್ಲು ಮುಟ್ಟಬೇಕು. ಅದೇ ಅಚ್ಚನ್ನು ಜೋಪಾನವಾಗಿಟ್ಟರೆ ಹೊಸ ಜಾಗದಲ್ಲಿ ಕಮಾನಿನ ಬಾಗು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಎರಡು ಕಲ್ಲಿನ ನಡುವೆ ಸಪಾಟು ಕೋಲು ತೂರಿ ಮೇಲಕ್ಕೆ ಮೀಟಬಾರದು. ಸಂದಿನ ಗಾರೆಯನ್ನು ಮೊದಲು ಹಳೆಯ ಗರಗಸದಿಂದ ಕೊಯ್ದು ಕಲ್ಲನ್ನು ಅಡ್ಡಕ್ಕೆ ಅಲುಗಿಸಿ ಬಿಡಿಸಬೇಕು. 2,700 ಕಲ್ಲು ಬಳಸುವ ಸ್ಥಿತಿಯಲ್ಲಿ ಬಂದವು.

1,800 ಹೊಸ ಕಲ್ಲು ಬೇಕಾಗಿತ್ತು. ಇವನ್ನು ಬಿಚ್ಚುವ ಕೆಲಸ ಶುರುವಾಗುವ ಮುಂಚೆಯೇ ಕಡಿಸಿ ತಂದಿಡಬೇಕು, ಏಕೆಂದರೆ ಗಣಿಯಿಂದ ಬಂದ ಚಿರೆಕಲ್ಲು ಮೆತ್ತಗಿರುತ್ತದೆ, ಗಾಳಿ ಬಿಸಿಲು ಮಳೆ ಕಂಡ ಮೇಲೆ ಗಟ್ಟಿಯಾಗುತ್ತದೆ. ನಾವು ಒಂದು ಮಳೆಗಾಲ ಬಯಲಲ್ಲಿ ಬಿಟ್ಟೆವು. ಜೇಡಿ ಹೆಚ್ಚಿದ್ದ ಕಲ್ಲುಗಳು ಮಳೆಗೆ ತಾವಾಗಿ ಕರಗಿ ಸುಳ್ಳು ಬಯಲಾಯಿತು. ಹೊಸ ಕಲ್ಲುಗಳನ್ನು ಹಿಂಗೋಡೆಯ ಒಳಪದರಕ್ಕೂ ಉತ್ತರದ ಕೋಡುಗೋಡೆಗೂ ಹಾಕಿದೆವು. ಜನ ನೋಡುವ, ಕೈಯಾಡಿಸುವ ಜಗಲಿಯ ಗೋಡೆ ಪೂರ್ತಿ ಹಳೆಯದು.

ಹೊಸ ಜಾಗದಲ್ಲಿ ಕಟ್ಟಡದ ಮುಖವನ್ನು ಪಶ್ಚಿಮಕ್ಕೇ ಇಟ್ಟೆವು. ಮೈದಾನದ ಕಡೆ ತಿರುಗಿಸಿದರೆ ಚೆಂದ ಎಂಬ ಒತ್ತಾಯವಿತ್ತು. ಆದರೆ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರು, ಮಳೆ ಬರುವುದು ನೈಋತ್ಯದಿಂದ. ಜಗಲಿಯ ತಗ್ಗಿದ ಮಾಡು ಇದ್ದದ್ದೇ ಆ ಏಟು ತಡೆಯಲು. ಅದನ್ನು ಪೂರ್ವಕ್ಕೆ ತಿರುಗಿಸಿ ಬರಿಗೋಡೆಯನ್ನು ಮಳೆಗೆ ಒಡ್ಡಿದರೆ ಹತ್ತು ವರ್ಷದಲ್ಲಿ ಮತ್ತೆ ಯಾರಾದರೂ ಸಿಮೆಂಟ್ ಬಳಿಯುತ್ತಾರೆ.

ಪಾಯ ಚಿರೆಕಲ್ಲಿನದೇ, ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಬಂದದ್ದು. ನೆಲಮಟ್ಟದ ಮೇಲೆ ಗೋಡೆಯ ಪೂರ್ತಿ ಅಗಲಕ್ಕೆ ನಾಲ್ಕಿಂಚಿನ ಗ್ರಾನೈಟ್ ಚಪ್ಪಡಿಯ ಒಂದು ಸುತ್ತು ಹಾಕಿದೆವು. ಏರುವ ತೇವಕ್ಕೆ ಅಲ್ಲೇ ತಡೆ. ಹಳೆಯ ಕಟ್ಟಡದಲ್ಲಿ ಇದು ಇರಲಿಲ್ಲ. ಗೋಡೆಯ ನಡುವೆ ಕಾಂಕ್ರೀಟ್ ಪಟ್ಟಿ ಬೇಕೆಂಬ ಸಲಹೆಯನ್ನು ಒಪ್ಪಲಿಲ್ಲ. ಬದಲಿಗೆ ಗೋಡೆಯ ನೆತ್ತಿಯಲ್ಲಿ ಕೂರುವ ಮರದ ಪಟ್ಟಿಯನ್ನು ನಾಲ್ಕೂ ಮೂಲೆಯಲ್ಲಿ ಸ್ಟೇನ್‌ಲೆಸ್ ಪಟ್ಟಿಯಿಂದ ಕಟ್ಟಿ, ನಾಲ್ಕು ಅಡಿಗೊಂದರಂತೆ ಮೂರು ವರಸೆ ಕೆಳಗಿನವರೆಗೆ ಸರಳು ಇಳಿಸಿದೆವು. ಹಿಂದೆ ಮೂಲೆಗಳು ಬಿಟ್ಟುಕೊಂಡದ್ದು ಈ ಕಟ್ಟು ಇಲ್ಲದ್ದರಿಂದ.

ಸುಣ್ಣ ಅಘನಾಶಿನಿ ಅಳಿವೆಯ ಚಿಪ್ಪಿನದು. ಸುಟ್ಟ ಚಿಪ್ಪಿಗೆ ನೀರು ಹಾಕಿ ಅರಳಿಸಿ, ಸೋಸಿ, ತೊಟ್ಟಿಯಲ್ಲಿ ನೀರಿನಡಿಯಲ್ಲಿ ಕನಿಷ್ಠ ಮೂರು ವಾರ ಬಿಡಬೇಕು. ಅರಳದೆ ಉಳಿದ ಹರಳು ಗೋಡೆಯಲ್ಲಿ ಅರಳಿದರೆ ಸಾರಣೆ ಬೊಕ್ಕೆಯೆದ್ದು ಉದುರುತ್ತದೆ. ಚಿಪ್ಪಿನ ಸುಣ್ಣ ಬಹಳ ಶುದ್ಧ, ಆದ್ದರಿಂದಲೇ ತೇವದಲ್ಲಿ ತಾನಾಗಿ ಗಟ್ಟಿಯಾಗುವುದಿಲ್ಲ. ಅದಕ್ಕೆ ಸುರ್ಕಿ, ಅಂದರೆ ಸುಟ್ಟ ಮಣ್ಣಿನ ಪುಡಿ, ಬೇಕು. ಒಡೆದ ಹಂಚು ರಾಶಿ ಬಿದ್ದಿತ್ತಲ್ಲ, ಅದನ್ನೇ ಪುಡಿ ಮಾಡಿದೆವು, ಅಲ್ಲಿ ತಪ್ಪಿತು. ಮಂಗಳೂರು ಹಂಚು ಹೆಚ್ಚು ಕಾವಿನಲ್ಲಿ ಬೆಂದದ್ದು, ಸುಣ್ಣದ ಜತೆ ಚೆನ್ನಾಗಿ ಕೂಡುವುದಿಲ್ಲ. ಎರಡು ಬಗೆಯ ಉಂಡೆ ಕಟ್ಟಿ ಹದಿನೈದು ದಿನ ಒದ್ದೆ ಗೋಣಿಯಲ್ಲಿಟ್ಟು ನೀರಿಗೆ ಹಾಕಿದರೆ, ಹಂಚಿನ ಪುಡಿಯ ಉಂಡೆ ಅಂಚಿನಲ್ಲಿ ಕರಗಿತು, ಅರೆಬೆಂದ ನಾಡ ಇಟ್ಟಿಗೆ ಪುಡಿಯದು ನಿಂತಿತು. ಅಲ್ಲಿಂದ ಇಟ್ಟಿಗೆ ಪುಡಿಯೇ. ಗೋಡೆಗೆ ಸುಣ್ಣ ಒಂದು, ಸುರ್ಕಿ ಒಂದು, ಮರಳು ಎರಡು; ಹೀಗೆ 350 ಘನ ಅಡಿಯಷ್ಟು ಗಾರೆ ಹಿಡಿಯಿತು. ಅಳಿವೆಯ ಮರಳಲ್ಲಿ ಉಪ್ಪು, ಮುಟ್ಟಲೇಬಾರದು. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ತಂದು, ದೂಳು ತೊಳೆದು ಬಳಸಿದೆವು.

ಕಲ್ಲನ್ನು ನೆನೆಸದೆ ಇಟ್ಟರೆ ಗಾರೆಯ ನೀರನ್ನು ಅದು ಕುಡಿದುಬಿಡುತ್ತದೆ, ಗಾರೆ ಪುಡಿಯಾಗಿ ಉಳಿಯುತ್ತದೆ. ದಿನಕ್ಕೆ ಮೂರು ವರಸೆಗಿಂತ ಹೆಚ್ಚು ಏರಿಸಬಾರದು. ಸಿಮೆಂಟಿನ ವೇಗಕ್ಕೆ ಒಗ್ಗಿದ ಮೇಸ್ತ್ರಿಗಳಿಗೆ ಇದು ಕಷ್ಟ, ದಿನವೂ ಹೇಳಬೇಕಾಗುತ್ತದೆ. ಇಡೀ ಜಾಗಕ್ಕೆ ಮೊದಲೇ ಪೈಪು ಮತ್ತು ತಗಡಿನ ತಾತ್ಕಾಲಿಕ ಮಾಡು ಹಾಕಿದ್ದೆವು, 80×50 ಅಡಿಯದು. ಖರ್ಚು ನೋಡಿ ಹುಬ್ಬೇರಿಸಿದವರಿದ್ದರು. ಮಾಡಿಲ್ಲದ ಚಿರೆಗೋಡೆ ಒಂದು ಮಳೆಗಾಲ ನಿಲ್ಲುವುದಿಲ್ಲ, ಅದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಅಷ್ಟಾದರೂ ಒಂದು ಕಡೆ ಅವಸರ ಮಾಡಿದೆವು. ಸುಣ್ಣದ ಸಾರಣೆ ಏಪ್ರಿಲ್ ಕೊನೆಗೆ ಮುಗಿಯಬೇಕು, ಗಾಳಿ ಹೀರಿ ಗಟ್ಟಿಯಾಗಲು ಐದಾರು ವಾರ ಸಿಗಬೇಕು. ದಕ್ಷಿಣದ ಕೋಡುಗೋಡೆಯ ಸಾರಣೆ ಮೇ ನಡುವೆ ಆಯಿತು. ಜೂನಿನ ಮೊದಲ ವಾರ ತಾಡಪಾಲಿನ ಅಡಿಯಿಂದ ಎರಚಲು ನುಗ್ಗಿತು. ತೊಯ್ದ ಗೋಡೆಯ ರಂಧ್ರಗಳಲ್ಲಿ ನೀರೇ ತುಂಬಿದ್ದರೆ ಗಾಳಿಗೆ ಜಾಗವೆಲ್ಲಿ? ಆಗಸ್ಟಿನ ಹೊತ್ತಿಗೆ ಉಗುರಿನಲ್ಲಿ ಕೆರೆದರೆ ಬರುವಂತಿತ್ತು. ನವೆಂಬರಿನಲ್ಲಿ ಪೂರ್ತಿ ತೆಗೆದು ಮತ್ತೆ ಮಾಡಿದೆವು.

ಮಾಡು ಏರಿಸಿದ್ದು ಎರಡನೇ ವರ್ಷದ ಬೇಸಿಗೆಯಲ್ಲಿ, ಇಳಿಸಿದ ಕ್ರಮದ ತಿರುಗುಮುರುಗು. ರೀಪು ಹೊಡೆಯುವ ಮೊದಲು ಹದಿನೈದು ಹಂಚನ್ನು ನೆಲದ ಮೇಲೆ ಕೂಡಿಸಿ, ಎಳೆದು ಹಿಡಿದಾಗಿನ ಮತ್ತು ಒತ್ತಿ ಹಿಡಿದಾಗಿನ ಅಳತೆಗಳ ನಡುವಿನದನ್ನು ಹಿಡಿಯಬೇಕು. ಬೆಳಕಿಗೆ 24 ಗಾಜಿನ ಹಂಚು ಹಾಕಿದೆವು, ಓದುವ ಮೇಜುಗಳ ನೇರಕ್ಕಲ್ಲ, ನಡೆಯುವ ದಾರಿಯ ನೇರಕ್ಕೆ. ಮಧ್ಯಾಹ್ನದ ಬಿಸಿಲು ಪುಸ್ತಕದ ಮೇಲೆ ಬೀಳಬಾರದು.

ಸಾರ್ವಜನಿಕರಿಗೆ ತೆರೆಯುವ ಕಟ್ಟಡವಾದ್ದರಿಂದ ಸೇರಿಸಬೇಕಾದ್ದು ಕೆಲವು ಇದ್ದವು. ಪೀಠ 30 ಇಂಚು ಎತ್ತರ, ಹನ್ನೆರಡಕ್ಕೆ ಒಂದರ ಇಳಿಜಾರಿಗೆ 30 ಅಡಿ ಬೇಕು, ನಡುವೆ ಐದಡಿ ಸಮತಟ್ಟು. ಅದನ್ನು ಉತ್ತರದ ಬದಿಯಲ್ಲಿ, ಗೋಡೆಗೆ ತಾಗದಂತೆ ಕಟ್ಟಿ ಜಗಲಿಗೆ ಸೇರಿಸಿದೆವು. ಗಾಲಿಕುರ್ಚಿಯಲ್ಲಿ ಬಂದವರೂ ಎಲ್ಲರೂ ಬರುವ ಜಗಲಿಯ ಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ. ಶೌಚಾಲಯ ಇಪ್ಪತ್ತಡಿ ದೂರದಲ್ಲಿ ಬೇರೆ ಕಟ್ಟಡ. ಹಳೆಯ ಗೋಡೆಗೆ ನೀರಿನ ಕೊಳವೆ ಮುಟ್ಟಿಸಲೇ ಇಲ್ಲ. ವೈರಿಂಗ್ ಗೋಡೆಯ ಮೇಲೆಯೇ ಪೈಪಿನಲ್ಲಿ ಓಡುತ್ತದೆ, ಚಿರೆಕಲ್ಲನ್ನು ಕೊರೆದಿಲ್ಲ. ಫ್ಯಾನುಗಳು ಅಡ್ಡತೊಲೆಗೆ ತೂತು ಹಾಕದೆ ಬಿಗಿದ ಹಿಡಿಕೆಯಿಂದ ತೂಗುತ್ತವೆ. ಪುಸ್ತಕದ ಕಪಾಟುಗಳು ಗೋಡೆಯಿಂದ ನಾಲ್ಕಿಂಚು ಬಿಟ್ಟು ನಿಂತಿವೆ. ಮಳೆಗಾಲದಲ್ಲಿ ಸುಣ್ಣದ ಗೋಡೆ ಉಸಿರಾಡಬೇಕು, ಪುಸ್ತಕಕ್ಕೆ ಬೂಷ್ಟು ಹಿಡಿಯಬಾರದು. ಮನೆಪಟ್ಟಿಯ ಕಿಂಡಿಗಳಲ್ಲಿ ಒಂದು ಈಗ ಪುಸ್ತಕ ಹಿಂತಿರುಗಿಸುವ ಕಿಂಡಿ.

ಮೊದಲ ಮಳೆಗೆ ನಾಲ್ಕು ಕಡೆ ಸೋರಿತು. ಮೂರು ಕಡೆ ಹಂಚು ಜರುಗಿತ್ತು. ನಾಲ್ಕನೆಯದು ನೆತ್ತಿಯಲ್ಲಿ, ನೆತ್ತಿಹಂಚಿನ ಗಾರೆ ಬಿರಿದಿತ್ತು. ಅಲ್ಲಿ ಗಾರೆಯನ್ನು ಅಂಚಿನಿಂದ ಒಂದಿಂಚು ಒಳಗೇ ನಿಲ್ಲಿಸಬೇಕು, ಹೊರಗೆ ತುಂಬಿ ಮೆತ್ತಿದರೆ ಬಿಸಿಲಿಗೆ ಬಿರಿಯುತ್ತದೆ. ಆಮೇಲೆ ಮಂಗಗಳು. ಪಕ್ಕದ ಮಾವಿನ ಮರದಿಂದ ಮಾಡಿಗೆ ಹಾರಿ ಎರಡು ತಿಂಗಳಲ್ಲಿ ನಲವತ್ತು ಹಂಚು ಒಡೆದವು. ಮಾಡಿಗೆ ಹತ್ತಿರ ಬಂದಿದ್ದ ಎರಡು ಕೊಂಬೆ ಸವರಿಸಿದ ಮೇಲೆ ಕಡಿಮೆಯಾಯಿತು. ಅದೇ ಅಚ್ಚಿನ 300 ಹಂಚನ್ನು ಶೌಚಾಲಯದ ಹಿಂದಿನ ಕೊಟ್ಟಿಗೆಯಲ್ಲಿ ಮರಳ ಮೇಲೆ ನಿಲ್ಲಿಸಿ ಇಡಿಸಿದ್ದೇವೆ, ಲೆಕ್ಕದ ಪುಸ್ತಕ ಗ್ರಂಥಪಾಲಕರ ಬಳಿ ಇದೆ. ಮೇ ಕೊನೆಯ ವಾರ ಮಾಡು ಹತ್ತಿ ಎಲೆ ಗುಡಿಸುವುದು, ಜೂನಿನ ಮೊದಲ ಜೋರು ಮಳೆಯ ದಿನ ಒಳಗಿನಿಂದ ಟಾರ್ಚು ಹಿಡಿದು ಅಡ್ಡತೊಲೆಯ ಹತ್ತೂ ತುದಿ ನೋಡುವುದು, ದೀಪಾವಳಿಗೆ ಮುಂಚೆ ಒಂದು ಕೋಟು ಸುಣ್ಣ ಬಳಿಯುವುದು. ಈ ಮೂರು ಕೆಲಸಗಳಿಗೆ ಪುರಸಭೆಯ ಆಯವ್ಯಯದಲ್ಲಿ ಪ್ರತ್ಯೇಕ ತಲೆಬರಹ ಮಾಡಿಸಿದ ಮೇಲೆಯೇ ನಾವು ಸಾರುವೆ ಬಿಚ್ಚಿದ್ದು.